ಸ್ಯಾಂಪಲ್ ಹೋಯಿತು, ಉತ್ತರ ಬರಲಿಲ್ಲ: ಪಶುಸಂಗೋಪನಾ ಸಚಿವರಿಗೆ ಒಬ್ಬ ಕುರಿಗಾರನ ಮಗನ ಬಹಿರಂಗ ಪತ್ರ

ಮಾನ್ಯ ಪಶುಸಂಗೋಪನಾ ಸಚಿವರಿಗೆ ಮತ್ತು ಇಲಾಖೆಯ ಆಯುಕ್ತರಿಗೆ,

ನಮಸ್ಕಾರಗಳು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು. ಊರು ಬಯಲುಸೀಮೆಯ ಒಂದು ಹಟ್ಟಿ. ಅಪ್ಪ ಕುರಿ ಸಾಕುತ್ತಾರೆ, ಅವರಪ್ಪನೂ ಅದನ್ನೇ ಮಾಡುತ್ತಿದ್ದರು. ಕಳೆದ ಮುಂಗಾರು ಶುರುವಾದಾಗ ನಮ್ಮ ರೊಪ್ಪದಲ್ಲಿ 117 ಜೀವ ಇದ್ದವು. 96 ಕುರಿ, 21 ಮೇಕೆ. ಇವತ್ತು ಎಲ್ಲ ಸೇರಿ 83 ಇವೆ.

ಸತ್ತ 34ರ ಲೆಕ್ಕ ಒಪ್ಪಿಸಲು ಈ ಪತ್ರ ಬರೆಯುತ್ತಿಲ್ಲ. ಕುರಿ ಸಾಯುವುದು ಕುರಿಗಾರನಿಗೆ ಹೊಸದೇನೂ ಅಲ್ಲ. ಯಾವ ಕಾಯಿಲೆಯಿಂದ ಸಾಯುತ್ತಿವೆ ಅಂತ ಯಾರಾದರೂ ಹೇಳಿದ್ದರೆ ಸಾಕಿತ್ತು. ಅದನ್ನು ಹೇಳಬಲ್ಲ ಯಂತ್ರ, ಓದಿದ ಜನ, ಕಟ್ಟಡ ಎಲ್ಲವೂ ಸರ್ಕಾರದ ಬಳಿ ಇವೆ. ಸರಿಯಾದ ಸ್ಯಾಂಪಲ್ ಸಿಕ್ಕಾಗ ಅವರು ಎರಡೇ ದಿನದಲ್ಲಿ ಹೇಳಿದರು ಕೂಡ. ಆದರೆ ಆ ಸರಿಯಾದ ಸ್ಯಾಂಪಲ್ ಅವರ ಮೇಜಿಗೆ ಹೋಗಿ ಸೇರಲು ಹದಿನಾರು ದಿನ ಹಿಡಿಯಿತು.

ತಾಲ್ಲೂಕು, ಆಸ್ಪತ್ರೆ, ಲ್ಯಾಬು ಯಾವುದರ ಹೆಸರನ್ನೂ ಬೇಕಂತಲೇ ಬರೆದಿಲ್ಲ. ಬರೆದರೆ ಏನಾಗುತ್ತದೆ ಅಂತ ಗೊತ್ತಿದೆ. ಒಬ್ಬ ಡಿ ದರ್ಜೆ ನೌಕರನಿಗೆ ನೋಟಿಸ್ ಹೋಗುತ್ತದೆ. ಆಸ್ಪತ್ರೆಗೆ ಐಸ್ ಪೆಟ್ಟಿಗೆ ಮಾತ್ರ ಬರುವುದಿಲ್ಲ.

ಮೊದಲ ಎರಡು ಕುರಿ ಸತ್ತಿದ್ದು ಒಂದು ಮಂಗಳವಾರ. ಬೆಳಿಗ್ಗೆ ರೊಪ್ಪದ ಮುಳ್ಳು ಸರಿಸಿದರೆ ಕಾಲು ಚಾಚಿಕೊಂಡು ಬಿದ್ದಿದ್ದವು. ಮಳೆ ಬಿದ್ದು ಹೊಸ ಹುಲ್ಲು ಚಿಗುರಿತ್ತು. ಎಳೆ ಹುಲ್ಲು ಜಾಸ್ತಿ ಮೇಯ್ದು ಕರುಳು ಬೇನೆ ಬಂದಿದೆ ಅಂದರು ಅಪ್ಪ. ಊರಿನವರೂ ಹಾಗೇ ಅಂದರು. ಆಸ್ಪತ್ರೆಯಿಂದ ಬಂದವರೂ ಅದನ್ನೇ ಹೇಳಿ, ಕರುಳು ಬೇನೆ ಲಸಿಕೆ ಹಾಕಿ ಹೋದರು. ಗುರುವಾರದ ಹೊತ್ತಿಗೆ ಇನ್ನೂ ಎರಡು ಹೋದವು. ಉಳಿದವುಗಳಲ್ಲಿ ಕೆಲವಕ್ಕೆ ಸಿಂಬಳ ಒಣಗಿ ಮೂಗಿನ ಹೊಳ್ಳೆ ಕಟ್ಟಿತ್ತು. ಕಣ್ಣು ಪಿಸುರು ಮೆತ್ತಿ ಕೂಡಿಕೊಂಡಿತ್ತು. ಹಿಕ್ಕೆ ಬೀಳುವ ಜಾಗದಲ್ಲಿ ಬರೀ ನೀರು. ತುಟಿ ಎತ್ತಿ ನೋಡಿದರೆ ವಸಡಿಗೆ ತೌಡು ಮೆತ್ತಿದ ಹಾಗೆ ಬಿಳಿ ಪೊರೆ, ಅದರಡಿ ಹುಣ್ಣು, ಹತ್ತಿರ ಹೋಗಲಾರದ ವಾಸನೆ.

ಇದು ನೀಲಿ ನಾಲಿಗೆ ಅಂತ ಒಬ್ಬರು. ಅಲ್ಲ, ಹಿರೇಬೇನೆ ಅಂತ ಇನ್ನೊಬ್ಬರು. ನೀವು ಪಿಪಿಆರ್ ಅಂತೀರಲ್ಲ, ಅದು. ಮೇಲ್ನೋಟಕ್ಕೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ನೀಲಿ ನಾಲಿಗೆಯನ್ನು ಹರಡುವುದು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ನುಸಿ. ಹಿರೇಬೇನೆ ಉಸಿರಲ್ಲಿ, ಸಿಂಬಳದಲ್ಲಿ ಕುರಿಯಿಂದ ಕುರಿಗೆ ನೇರವಾಗಿ ದಾಟುತ್ತದೆ. ಅಲ್ಲಿ ನುಸಿ ಓಡಿಸಬೇಕು, ಇಲ್ಲಿ ಕುರಿ ಬೇರೆ ಮಾಡಬೇಕು. ಲಸಿಕೆಯೂ ಬೇರೆ ಬೇರೆ. ಊಹೆ ತಪ್ಪಿದರೆ ಹಾಕಿದ ಲಸಿಕೆ ದಂಡ.

ಶುಕ್ರವಾರ ಡಾಕ್ಟರೇ ಬಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮೂರು ಆಸ್ಪತ್ರೆಗೆ ಅವರೊಬ್ಬರೇ. ಬೆಳಗಿನ ಜಾವ ಸತ್ತ ಕುರಿಯನ್ನು ಮಧ್ಯಾಹ್ನ ಹೊಂಗೆ ಮರದ ಕೆಳಗೆ ಕೊಯ್ದು ನೋಡಿದರು. ಆ ಹೊತ್ತಿಗೆ ಹೊಟ್ಟೆ ಉಬ್ಬಿತ್ತು. ಆಸ್ಪತ್ರೆಯಿಂದ ತಂದಿದ್ದು ಒಂದು ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಕಾಲು ಭಾಗ ಫಾರ್ಮಲಿನ್, ಅಂದರೆ ಅಂಗದ ತುಂಡು ಕೆಡದಂತೆ ಇಡುವ ದ್ರಾವಣ. ಪಿತ್ತಕೋಶ, ಗುಲ್ಮ, ಶ್ವಾಸಕೋಶ ಮೂರರ ತುಂಡನ್ನೂ ಅದರಲ್ಲೇ ಹಾಕಿದರು. ತುಂಡುಗಳು ಕೋಳಿ ಮೊಟ್ಟೆಯಷ್ಟು ದಪ್ಪ. ಕರುಳಿನ ಒಂದು ಗೇಣನ್ನು ಎರಡೂ ಕಡೆ ದಾರ ಕಟ್ಟಿ ಪ್ಲಾಸ್ಟಿಕ್ ಕವರಿಗೆ ಹಾಕಿದರು. ಕಾಯಿಲೆ ಬಿದ್ದ ಒಂದು ಕುರಿಯಿಂದ ರಕ್ತ ತೆಗೆದು, ಹಾಕಲು ಬಾಟಲಿ ಇಲ್ಲದೆ ಸಿರಿಂಜಿನಲ್ಲೇ ಬಿಟ್ಟರು. ಜೊತೆಗೆ ಅರ್ಧ ಹಾಳೆಯ ಪತ್ರ. "ಕುರಿ ಸತ್ತಿರುತ್ತದೆ. ಪರೀಕ್ಷಿಸಿ ವರದಿ ನೀಡುವುದು." ಗಾಡಿ ಇಲ್ಲ, ನೀವೇ ತಗೊಂಡು ಹೋಗಿ ಅಂದರು.

ಸಂಜೆ ಬಸ್ಸಿರಲಿಲ್ಲ. ಹಾಲು ಮೊಸರಿನ ಪಕ್ಕ ಸತ್ತ ಕುರಿಯ ಕರುಳು ಇಡಲು ಯಾರು ಒಪ್ಪುತ್ತಾರೆ ಹೇಳಿ? ನಮ್ಮ ಚಿಕ್ಕಮ್ಮ ಒಪ್ಪಿದರು. ರಾತ್ರಿಯೆಲ್ಲ ಅವರ ಫ್ರಿಜ್ಜಿನಲ್ಲಿ, ಐಸ್ ಆಗುವ ಮೇಲಿನ ಖಾನೆಯಲ್ಲಿ ಇತ್ತು. ಬೆಳಿಗ್ಗೆ ಮೆಡಿಕಲ್ ಶಾಪಿನ ಥರ್ಮಾಕೋಲ್ ಡಬ್ಬಿ, ಮೀನಂಗಡಿಯ ಐಸು. ಸರ್ಕಾರಿ ಬಸ್ಸಿನಲ್ಲಿ ನಾಲ್ಕು ಗಂಟೆ. ಅರ್ಧ ದಾರಿಯಲ್ಲಿ ಐಸ್ ಕರಗಿ ಸೀಟಿನ ಕೆಳಗೆ ನೀರು ಹರಿಯಿತು. ಕಂಡಕ್ಟರು "ಏನ್ ಮೇಷ್ಟ್ರೇ, ಮೀನಾ?" ಅಂದರು. ಹೂಂ ಅಂದೆ. ಇನ್ನೇನು ಹೇಳಲಿ?

ಲ್ಯಾಬಿನ ಗೇಟು ಮುಚ್ಚಿತ್ತು. ಎರಡನೇ ಶನಿವಾರ. ಮೇಷ್ಟ್ರಾಗಿ ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಪತ್ರ ಕೊಟ್ಟ ಆಸ್ಪತ್ರೆಯವರಿಗೂ ಹೊಳೆಯಲಿಲ್ಲ. ಕಾವಲುಗಾರ ಪಾಪ ಒಳ್ಳೆಯವನು, ಡಬ್ಬಿ ಇಟ್ಟುಕೊಂಡ. ತನ್ನ ಕೋಣೆಯ ನೆರಳಿನಲ್ಲಿ, ಸೋಮವಾರದ ತನಕ.

ಆಮೇಲೆ ಕಾದೆವು. ರಸೀದಿ ಇಲ್ಲ, ನಂಬರ್ ಇಲ್ಲ. ಆಸ್ಪತ್ರೆಗೆ ಕೇಳಿದರೆ ಲ್ಯಾಬಿನಿಂದ ಬಂದಿಲ್ಲ ಅಂದರು. ಲ್ಯಾಬಿಗೆ ಫೋನ್ ಮಾಡಿದರೆ ಆಸ್ಪತ್ರೆಗೇ ಕಳಿಸುತ್ತೇವೆ, ನಿಮಗೆ ಹೇಳುವ ಹಾಗಿಲ್ಲ ಅಂದರು. ಈ ನಡುವೆ ಸತ್ತವು 27 ಆದವು. ಗುಂಡಿ ತೋಡಿ ತೋಡಿ ಅಪ್ಪನ ಅಂಗೈ ಬೊಬ್ಬೆ ಎದ್ದಿತು.

ಅದೇ ದಿನಗಳಲ್ಲಿ ಬೆಳಗಾವಿ ಕಡೆಯ ಒಂದು ದೊಡ್ಡ ಮಂದೆ ನಮ್ಮ ಕೆರೆಯಂಗಳದಲ್ಲಿ ನೀರು ಕುಡಿದು, ಎರಡು ರಾತ್ರಿ ತಂಗಿ, ಮುಂದೆ ಹೋಯಿತು. ನಿಲ್ಲಬೇಡಿ ಅಂತ ಹೇಳಲು ನಮ್ಮ ಬಳಿ ಒಂದು ಕಾಯಿಲೆಯ ಹೆಸರೂ ಇರಲಿಲ್ಲ. ಆ ಕುರಿಗಳು ಏನಾದವು, ಎಲ್ಲೆಲ್ಲಿ ಹೋದವು ಅಂತ ನಾನು ಈಗಲೂ ಯೋಚಿಸುತ್ತೇನೆ.

ಕೊನೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ದೊಡ್ಡಪ್ಪನ ನಂಬರ್ ಕೊಟ್ಟ. ಪಶುವೈದ್ಯರಾಗಿ ನಿವೃತ್ತರಾದವರು. ಅವರು ಮೊದಲು ನನ್ನನ್ನು ಚೆನ್ನಾಗಿ ಬೈದರು.

ಬೈದಿದ್ದು ಸ್ಯಾಂಪಲ್ಲಿಗಲ್ಲ, ಕೊಯ್ದಿದ್ದಕ್ಕೆ. "ದಿಢೀರ್ ಸತ್ತ ಕುರಿ ಕೊಯ್ಯೋಕೆ ಮುಂಚೆ ಕಿವಿ ಚುಚ್ಚಿ ಸ್ಮಿಯರ್ ನೋಡಿದ್ರಾ? ನೆರಡಿ ಆಗಿದ್ರೆ ಏನ್ ಗತಿ?" ನೆರಡಿ ಅಂದರೆ ಆಂಥ್ರಾಕ್ಸ್. ಮನುಷ್ಯರಿಗೂ ಅಂಟುತ್ತದೆ. ಹೆಣ ಕೊಯ್ದು ರಕ್ತಕ್ಕೆ ಗಾಳಿ ಸೋಕಿದರೆ ಆ ರೋಗಾಣು ಗಟ್ಟಿ ಬೀಜದಂತಾಗಿ ಮಣ್ಣಿನಲ್ಲಿ ಹತ್ತಾರು ವರ್ಷ ಕೂತಿರುತ್ತದೆ. ಮೂಗು, ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರಿದ್ದರಂತೂ ಚಾಕು ಮುಟ್ಟಲೇಬಾರದು. ಕಿವಿಯ ನರದಿಂದ ಒಂದು ಹನಿ, ಒಂದು ಗಾಜಿನ ಪಟ್ಟಿ, ಮೆಥಿಲೀನ್ ಬ್ಲೂ ಬಣ್ಣ, ಒಂದು ಮೈಕ್ರೋಸ್ಕೋಪ್. ಸ್ಮಿಯರ್ ನೋಡಲು ಇಷ್ಟು ಸಾಕಂತೆ. ನೆರಡಿ ಇದ್ದರೆ ನೀಲಿ ಕಡ್ಡಿಗಳ ಸುತ್ತ ಗುಲಾಬಿ ಪೊರೆ ಕಾಣುತ್ತದೆ. ನಮ್ಮ ಪುಣ್ಯ, ಅದು ನೆರಡಿ ಆಗಿರಲಿಲ್ಲ. ಮೊದಲ ದಿನ ಸತ್ತ ಕುರಿಯ ಮಾಂಸವನ್ನು ಹಟ್ಟಿಯಲ್ಲಿ ನಾಲ್ಕು ಮನೆಯವರು ಹಂಚಿಕೊಂಡಿದ್ದರು. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಆಮೇಲೆ ಒಂದೊಂದೇ ತಪ್ಪು ಹೇಳಿದರು. ಫಾರ್ಮಲಿನ್‌ನಲ್ಲಿ ರೋಗಾಣು ಸಾಯುತ್ತದೆ, ಆಮೇಲೆ ಅದನ್ನು ಬೆಳೆಸಿ ನೋಡಲು ಆಗುವುದಿಲ್ಲ. ಫಾರ್ಮಲಿನ್ ಇರುವುದು ಅಂಗಾಂಶವನ್ನು ತೆಳುವಾಗಿ ಸೀಳಿ ನೋಡುವ ಪರೀಕ್ಷೆಗೆ. ಅದಕ್ಕೂ ತುಂಡು ಅರ್ಧ ಸೆಂಟಿಮೀಟರ್‌ಗಿಂತ ದಪ್ಪ ಇರಬಾರದು, ದ್ರಾವಣ ತುಂಡಿನ ಹತ್ತು ಪಟ್ಟು ಇರಬೇಕು. ನಮ್ಮ ಮೊಟ್ಟೆ ಗಾತ್ರದ ತುಂಡುಗಳಿಗೆ ಹೊರಗೆ ಮಾತ್ರ ಫಾರ್ಮಲಿನ್ ಹತ್ತಿ, ಒಳಗೆ ಕೊಳೆತಿರುತ್ತದೆ. ವೈರಸ್ಸು, ಬ್ಯಾಕ್ಟೀರಿಯಾ ಹುಡುಕುವ ತುಂಡು ಬೇರೆ ಡಬ್ಬಿಯಲ್ಲಿ, ಏನೂ ಹಾಕದೆ, ಐಸಿನ ಮೇಲೆ ಹೋಗಬೇಕು. ರಕ್ತದ ಗಡ್ಡೆಯನ್ನು ಫ್ರೀಜರಿನಲ್ಲಿ ಇಟ್ಟರೆ ಕಣಗಳು ಒಡೆದು ಎಲ್ಲ ಕೆಂಪಾಗುತ್ತದೆ, ರಕ್ತದ ತಿಳಿ ಭಾಗವಾದ ಸೀರಂ ಕೆಲಸಕ್ಕೆ ಬರುವುದಿಲ್ಲ. ಕರುಳು ಬೇನೆಯ ವಿಷ ಹುಡುಕಬೇಕಾದರೆ ಸತ್ತು ಕೆಲವೇ ಗಂಟೆಗಳಲ್ಲಿ ಕರುಳಿನ ಒಳಗಿನದನ್ನು ತೆಗೆಯಬೇಕು. ಎರಡು ದಿನ ಗೇಟಿನ ಬಳಿ ಕೂತ ಕರುಳಿನಲ್ಲಿ ಏನು ಸಿಕ್ಕರೂ ನಂಬುವ ಹಾಗಿಲ್ಲ.

"ಸತ್ತಿದ್ದು ಬಿಡಿ, ಇವತ್ತು ಜ್ವರ ಬಂದಿರೋದು ಯಾವುದು?" ಅಂತ ಕೇಳಿದರು. ಹಿರೇಬೇನೆಯ ವೈರಸ್ಸು ಜಾಸ್ತಿ ಸಿಗುವುದು ಹೊಸದಾಗಿ ಜ್ವರ ಬಂದ ಕುರಿಯ ಕಣ್ಣು ಮೂಗಿನಲ್ಲಂತೆ. ಬೇನೆ ಮುಗಿದು ಬಿದ್ದುಕೊಂಡ ಕುರಿಯಲ್ಲಿ ಅಲ್ಲ.

ಕೊನೆಗೆ ಒಂದು ಪ್ರಶ್ನೆ ಕೇಳಿದರು. ಹೊಸ ಕುರಿ ತಂದಿದ್ದೀರಾ? ಫೋನ್ ಸ್ಪೀಕರಿನಲ್ಲಿತ್ತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಆರು. ಸಂತೇಲಿ. ಸಾಯೋಕೆ ಶುರುವಾಗೋ ಹತ್ತು ದಿನ ಮುಂಚೆ" ಅಂದರು. ನಮ್ಮ ಮನೆಯಲ್ಲಿ ಯಾರಿಗೂ ಅದು ತಲೆಗೆ ಹೋಗಿರಲಿಲ್ಲ. ಮಂಗಳವಾರದಿಂದ ಯಾರೂ ಕೇಳಿಯೂ ಇರಲಿಲ್ಲ.

ಹದಿನಾರನೇ ದಿನ, ಬುಧವಾರ, ಎರಡನೇ ಸಲ ಹೊರಟೆ. ಆಸ್ಪತ್ರೆಯ ಡಾಕ್ಟರೇ ಬೆಳಿಗ್ಗೆ ಆರಕ್ಕೆ ಬಂದು ಜ್ವರ ಬಂದ ಐದು ಕುರಿ, ಎರಡು ಮೇಕೆಯ ಕಣ್ಣು ಮೂಗಿನಿಂದ ಸ್ವಾಬ್ ತೆಗೆದರು. ನಿವೃತ್ತ ಡಾಕ್ಟರು ಹೇಳಿದ್ದನ್ನು ಹೇಳಿದಾಗ ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ನಂಗೂ ಗೊತ್ತು ಮೇಷ್ಟ್ರೇ, ಟ್ಯೂಬ್ ಇಲ್ಲ" ಅಂದರು. ಟ್ಯೂಬ್ ನಾನೇ ಕೊಂಡು ತಂದಿದ್ದೆ. ನೇರಳೆ ಮುಚ್ಚಳದ್ದು ಹೆಪ್ಪುಗಟ್ಟಬಾರದ ರಕ್ತಕ್ಕೆ, ಕೆಂಪು ಮುಚ್ಚಳದ್ದು ಸೀರಮ್ಮಿಗೆ. ಕೆಂಪಿನದನ್ನು ಓರೆಯಾಗಿ ಇಟ್ಟು ಒಂದು ಗಂಟೆ ಅಲುಗಾಡಿಸದೆ ಬಿಟ್ಟೆವು. ಕೆಳಗೆ ಗಡ್ಡೆ, ಮೇಲೆ ಹೊಂಬಣ್ಣದ ತಿಳಿ ನೀರು. ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ, ಇಷ್ಟು ಚಂದದ ಪ್ರಯೋಗ ನೋಡಿರಲಿಲ್ಲ. ಪ್ರತಿ ಟ್ಯೂಬಿಗೂ ಕುರಿಯ ಗುರುತು ಬರೆದೆ. ಎರಡು ಪುಟದ ಪತ್ರ: ಎಷ್ಟು ಇದ್ದವು, ಎಷ್ಟು ಸತ್ತವು, ವಯಸ್ಸು, ಯಾವ ಲಸಿಕೆ ಯಾವಾಗ, ಸಂತೆಯ ಆರು ಕುರಿ, ಮೇಕೆಗೂ ಬಂದಿದೆ ಅನ್ನುವುದು. ಲಸಿಕೆ ಹಾಕಿದ ದಿನ ಬರೆಯದಿದ್ದರೆ ರಕ್ತದಲ್ಲಿ ಸಿಕ್ಕ ಪ್ರತಿಕಾಯ (ರೋಗದ ಎದುರು ಮೈ ತಾನೇ ಹುಟ್ಟಿಸುವ ವಸ್ತು) ಕಾಯಿಲೆಯದೋ ಲಸಿಕೆಯದೋ ಅಂತ ಲ್ಯಾಬಿನವರಿಗೂ ಹೇಳಲು ಆಗುವುದಿಲ್ಲವಂತೆ.

ಶುಕ್ರವಾರ ಸಂಜೆ ಫೋನ್ ಬಂತು. ಪಿಪಿಆರ್. ಪತ್ರದಲ್ಲಿ ನನ್ನ ನಂಬರ್ ಇದ್ದದ್ದಕ್ಕೆ ಅಲ್ಲಿನ ಒಬ್ಬ ಹೆಣ್ಣುಮಗಳು ತಾನಾಗಿ ಮಾಡಿದ್ದು. ಅವರಿಗೆ ಕೈ ಮುಗಿಯುತ್ತೇನೆ. ಮುಂದಿನ ವಾರದಲ್ಲೇ ಸುತ್ತಲಿನ ಹಟ್ಟಿಗಳ ಮಂದೆಗಳಿಗೆ ಲಸಿಕೆ ಆಯಿತು. ನಮ್ಮದರಲ್ಲಿ ಇನ್ನೂ ಏಳು ಹೋದವು, ಆಮೇಲೆ ನಿಂತಿತು.

ಮೊದಲ ಸ್ಯಾಂಪಲ್ಲಿನ ಉತ್ತರವೂ ಬಂತು. ಕೊಟ್ಟು 23 ದಿನವಾದ ಮೇಲೆ, ಆಸ್ಪತ್ರೆಗೆ, ಅಂಚೆಯಲ್ಲಿ. "ಮಾದರಿ ಕೊಳೆತಿದ್ದು ಪರೀಕ್ಷೆಗೆ ಯೋಗ್ಯವಾಗಿಲ್ಲ." ಆ ಮಾತನ್ನು ಸೋಮವಾರ ಡಬ್ಬಿ ತೆರೆದ ಕೂಡಲೇ ಹೇಳಬಹುದಿತ್ತು ಅಲ್ವಾ? ಕೊಳೆತಿದೆ ಅಂತ ತಿಳಿಯಲು ಯಾವ ಪರೀಕ್ಷೆ ಬೇಕು? ಅವತ್ತೇ ಹೇಳಿದ್ದರೆ ಮಂಗಳವಾರ ನಾನು ಹೊಸ ಸ್ಯಾಂಪಲ್ ಹಿಡಿದು ಗೇಟಿನ ಮುಂದೆ ಇರುತ್ತಿದ್ದೆ.

ಮಾನ್ಯರೇ, ನಮ್ಮ ರಾಜ್ಯ ಈ ವಿದ್ಯೆಗೆ ಹೊಸದಲ್ಲ. ದನಗಳ ದೊಡ್ಡರೋಗಕ್ಕೆ ಸೀರಂ ಮಾಡಲು ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಶುರುವಾಗಿದ್ದು 1925ರಲ್ಲಿ. ಅದೇ ಇವತ್ತಿನ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ. ದಕ್ಷಿಣದ ರಾಜ್ಯಗಳಿಗೆಲ್ಲ ಪ್ರಾದೇಶಿಕ ರೋಗ ಪತ್ತೆ ಪ್ರಯೋಗಾಲಯವೂ ಅಲ್ಲೇ ಇದೆ. ನಾನು ಡಬ್ಬಿ ಹೊತ್ತು ಹೋದ ಲ್ಯಾಬು ಅದಲ್ಲ, ತಪ್ಪು ತಿಳಿಯಬೇಡಿ. ಪಕ್ಕದ ಯಲಹಂಕದಲ್ಲಿ ದೇಶಕ್ಕೇ ಪಶುರೋಗದ ಲೆಕ್ಕ ಇಡುವ ಕೇಂದ್ರ ಸರ್ಕಾರದ ನಿವೇದಿ ಸಂಸ್ಥೆ ಇದೆ. ದೊಡ್ಡರೋಗ ಭೂಮಿಯಿಂದಲೇ ಹೋಯಿತು ಅಂತ 2011ರಲ್ಲಿ ಘೋಷಿಸಿದರು. ಹಿರೇಬೇನೆ ಅದರದ್ದೇ ದಾಯಾದಿ. ನಮ್ಮ ದೇಶದಲ್ಲಿ ಅದನ್ನು ಮೊದಲು ಗುರುತಿಸಿದ್ದು 1987ರಲ್ಲಿ, ತಮಿಳುನಾಡಿನಲ್ಲಿ. 2030ರೊಳಗೆ ಇದನ್ನೂ ಜಗತ್ತಿನಿಂದ ಓಡಿಸಬೇಕು ಅಂತ ಗುರಿ ಇದೆ. 2019ರ ಗಣತಿಯ ಪ್ರಕಾರ ನಮ್ಮ ರಾಜ್ಯದಲ್ಲಿ ಕುರಿಗಳೇ ಒಂದು ಕೋಟಿಗೂ ಜಾಸ್ತಿ. ಅವುಗಳಲ್ಲಿ ಹಿರೇಬೇನೆ ಎಲ್ಲಿದೆ ಅಂತ ತಿಳಿಯದೆ ಓಡಿಸುವುದು ಹೇಗೆ? ನಮ್ಮ ಮೊದಲ ಸ್ಯಾಂಪಲ್ಲಿನ ಲೆಕ್ಕದಲ್ಲಿ ನಮ್ಮ ಹಟ್ಟಿಗೆ ಹಿರೇಬೇನೆ ಬಂದೇ ಇಲ್ಲ.

2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯನ್ನು ಓದಿದೆ. ಪಟ್ಟಿಯಲ್ಲಿರುವ ರೋಗದ ಅನುಮಾನ ಬಂದರೆ ಮಾಲೀಕ ತಿಳಿಸಲೇಬೇಕು ಅಂತ ಅದರಲ್ಲಿದೆ. ಸರಿ. ನಾವು ತಿಳಿಸಿದೆವು. ನಮಗೆ ತಿರುಗಿ ತಿಳಿಸುವ ಹೊಣೆ ಯಾರದು ಅಂತ ಕೇಳುತ್ತಿದ್ದೇನೆ.

ಹೊಸ ಲ್ಯಾಬ್ ಕಟ್ಟಿಸಿ ಅಂತ ಕೇಳುವುದಿಲ್ಲ. ಕಟ್ಟಡ ಉದ್ಘಾಟನೆ ಆಗುತ್ತದೆ, ಟ್ಯೂಬ್ ಇರುವುದಿಲ್ಲ. ನಾನು ಕೇಳುವುದು ಅಗ್ಗದ್ದು. ಪ್ರತಿ ಪಶು ಆಸ್ಪತ್ರೆಯಲ್ಲಿ ಒಂದು ಐಸ್ ಪೆಟ್ಟಿಗೆ, ಜೆಲ್ ಪ್ಯಾಕು, ಎರಡು ಬಣ್ಣದ ಟ್ಯೂಬು, ಸ್ವಾಬು, ಗಾಜಿನ ಪಟ್ಟಿ, ಬೇರೆ ಬೇರೆ ಡಬ್ಬಿ ಇರಲಿ. ನಾನು ಟ್ಯೂಬಿಗೂ ಸ್ವಾಬಿಗೂ ಕೊಟ್ಟ ದುಡ್ಡು ಒಂದು ಮರಿಯ ಬೆಲೆಯ ಹತ್ತಿರವೂ ಬರಲಿಲ್ಲ. ಸ್ಮಿಯರ್ ನೋಡುವ ಮೈಕ್ರೋಸ್ಕೋಪು ತಾಲ್ಲೂಕಿಗೆ ಒಂದಾದರೂ ಕೆಲಸ ಮಾಡುವ ಸ್ಥಿತಿಯಲ್ಲಿರಲಿ, ಮತ್ತು ಕಿವಿ ಚುಚ್ಚದೆ ಹೊಟ್ಟೆ ಕೊಯ್ಯಬಾರದು ಅಂತ ಆಸ್ಪತ್ರೆಯ ಗೋಡೆಗೂ ಗ್ರಾಮ ಪಂಚಾಯ್ತಿಯ ಗೋಡೆಗೂ ಬರೆಸಿ.

ಸ್ಯಾಂಪಲ್ಲಿನ ಜೊತೆ ಹೋಗುವ ಫಾರಂ ಕನ್ನಡದಲ್ಲಿ ಇರಲಿ. ಹೊಸ ಕುರಿ ತಂದಿದ್ದೀರಾ ಅನ್ನುವ ಪ್ರಶ್ನೆ ಅದರಲ್ಲಿ ಮೊದಲನೆಯದಾಗಿರಲಿ. ಮಾಲೀಕನ ಫೋನ್ ನಂಬರಿಗೆ ಒಂದು ಸಾಲು ಬಿಡಿ. ಡಬ್ಬಿ ಕೊಟ್ಟಾಗ ನಂಬರ್ ಹಾಕಿದ ರಸೀದಿ ಕೊಡಿ. ಸ್ಯಾಂಪಲ್ ಕೆಟ್ಟಿದ್ದರೆ ಅವತ್ತೇ ಒಂದು ಮೆಸೇಜು. ಗ್ಯಾಸ್ ಸಿಲಿಂಡರ್ ಹೊರಟಿದೆ ಅಂತ ನಮ್ಮ ಫೋನಿಗೆ ಬರುತ್ತದೆ, ಇದು ಯಾಕಾಗಬಾರದು?

ಸಾಗಿಸುವ ವಿಷಯ. ರೈತನ ಕೈಯಲ್ಲಿ, ಜನ ಕೂತ ಬಸ್ಸಿನಲ್ಲಿ, ಏನು ಕಾಯಿಲೆ ಅಂತ ಗೊತ್ತಿಲ್ಲದ ಸ್ಯಾಂಪಲ್ ಕಳಿಸುವುದು ಸರಿಯಲ್ಲ. ನೆರಡಿ ಆಗಿದ್ದರೆ ಆ ಕಂಡಕ್ಟರಿಗೆ ನಾನೇನು ಉತ್ತರ ಹೇಳುತ್ತಿದ್ದೆ? ಹಾಲಿನ ಗಾಡಿ ದಿನಾ ಬರುತ್ತದಲ್ಲ, ತಂಪೂ ಇರುತ್ತದೆ ಅಂತ ನನಗೂ ಹೊಳೆದಿತ್ತು. ನಿವೃತ್ತ ಡಾಕ್ಟರು ನಕ್ಕು, ಹಾಲಿನ ಜೊತೆ ಬೇಡಪ್ಪಾ ಅಂದರು. ಸರಿಯೇ. ಆದರೆ 1962ಕ್ಕೆ ಫೋನ್ ಮಾಡಿದರೆ ಬರುವ ಸಂಚಾರಿ ಆಸ್ಪತ್ರೆಯ ಗಾಡಿಗಳು ಇವೆ. ವಾರದಲ್ಲಿ ಗೊತ್ತಾದ ಎರಡು ದಿನ ತಾಲ್ಲೂಕಿನ ಸ್ಯಾಂಪಲ್ ಎಲ್ಲ ಒಟ್ಟು ಮಾಡಿ ಲ್ಯಾಬಿಗೆ ಮುಟ್ಟಿಸುವ ಏರ್ಪಾಡು ಮಾಡಬಹುದು. ಸಾಲುಸಾಲಾಗಿ ಸಾಯುತ್ತಿದ್ದರೆ ಅದೇ ದಿನ. ಎರಡನೇ ಮತ್ತು ನಾಲ್ಕನೇ ಶನಿವಾರ, ಭಾನುವಾರ ಪರೀಕ್ಷೆ ಮಾಡದಿದ್ದರೂ ಪರವಾಗಿಲ್ಲ. ಡಬ್ಬಿ ತಗೊಂಡು ಸರಿಯಾದ ಫ್ರಿಜ್ಜಿಗೆ ಇಡುವ ಒಬ್ಬರು ಇರಲಿ.

ಖಾಲಿ ಇರುವ ಪಶುವೈದ್ಯರ ಹುದ್ದೆಗಳ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ, ನಾನು ಮತ್ತೆ ಬರೆಯುವುದಿಲ್ಲ.

ಈ ಪತ್ರದ ಜೊತೆ ಎರಡನೇ ಸ್ಯಾಂಪಲ್ಲಿನ ವರದಿಯ ನಕಲು ಇಟ್ಟಿದ್ದೇನೆ. ಮೊದಲನೆಯದರ ನಕಲು ಕೇಳಿ ಆಸ್ಪತ್ರೆಗೆ ಎರಡು ಸಲ ಅರ್ಜಿ ಕೊಟ್ಟೆ. ಅದು ಲ್ಯಾಬಿನಿಂದ ಬರಬೇಕು ಅಂದರು.

ಇಂತಿ ತಮ್ಮ ವಿಶ್ವಾಸಿ,
ಬಯಲುಸೀಮೆಯ ಒಬ್ಬ ಕುರಿಗಾರನ ಮಗ